ಪ್ರಾಗ್‌ನಲ್ಲಿ ಒಬ್ಬಳೇ ಒಂದು ದಿನ ನಡೆಯಬೇಕು, ದಾರಿ ಹೇಳ್ತೀರಾ?

ಶಿವಮೊಗ್ಗದ ಮೇಡಂ:
ಮಗಳ ಮನೆಗೆ ಅಂತ ಜರ್ಮನಿಯ ಡ್ರೆಸ್ಡನ್‌ಗೆ ಬಂದಿದ್ದೇನೆ. ಶನಿವಾರ ಅವಳಿಗೆ ಕೆಲಸ, "ಅಮ್ಮಾ, ರೈಲಲ್ಲಿ ಪ್ರಾಗ್‌ಗೆ ಹೋಗಿ ಬಾ" ಅಂತಿದ್ದಾಳೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಅಂಗಡಿ ಬೇಡ. ಚಾರ್ಲ್ಸ್ ಸೇತುವೆ, ಕೋಟೆ, ಯಹೂದಿಗಳ ಕೇರಿ ಸಾಕು. ಎಷ್ಟು ದೂರ ಬೇಕಾದರೂ ನಡೆಯುತ್ತೇನೆ, ಏರು ಬಂದರೆ ಮಾತ್ರ ಏದುಸಿರು. ಸಸ್ಯಾಹಾರಿ.

ಟ್ರಾಂ ಪ್ರಿಯ:
ಮೇಡಂ, ಮೊದಲು ಶನಿವಾರ ಬಿಡಿ. ನೀವು ಹೇಳಿದ ಕೇರಿ, ಅಂದರೆ ಯೋಸೆಫೊವ್‌ನ ಯಹೂದಿ ಮ್ಯೂಸಿಯಂ ಅವತ್ತು ಮುಚ್ಚಿರುತ್ತದೆ. ಎರಡು ವರ್ಷ ಅಲ್ಲಿದ್ದ ನಾನೂ ಮೊದಲ ಸಲ ಶನಿವಾರವೇ ಹೋಗಿ ಗೇಟು ನೋಡಿಕೊಂಡು ಬಂದಿದ್ದೆ!

ಅಲ್ಲಿನ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ತಪ್ಪಿಸಬೇಡಿ. ನಾಜಿಗಳ ಕಾಲದಲ್ಲಿ ಸತ್ತ ಸುಮಾರು 78,000 ಯಹೂದಿಗಳ ಹೆಸರನ್ನು ಗೋಡೆ ತುಂಬ ಕೈಯಲ್ಲೇ ಬರೆದಿದ್ದಾರೆ. ಮನೆತನದ ಹೆಸರು ಕೆಂಪು, ಉಳಿದದ್ದು ಕಪ್ಪು. ದೂರದಿಂದ ಬಟ್ಟೆಯ ನೇಯ್ಗೆ ಥರ ಕಾಣುತ್ತದೆ. ಹತ್ತಿರ ಹೋದರೆ ಒಂದೇ ಮನೆಯವರು ಸಾಲಾಗಿ, ಹುಟ್ಟಿದ ದಿನದ ಜೊತೆ. ನಾನು ಸುಮ್ನೆ ಒಂದು ಸಾಲು ಓದೋಕೆ ನಿಂತವನು, ಅರ್ಧ ಗಂಟೆ ಅಲ್ಲೇ ಇದ್ದೆ.

ಏರಿಗೆ ಉಪಾಯ: 22ನೇ ಟ್ರಾಂ ಹಿಡಿದು ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಕೋಟೆ, ನೆರುಡೋವಾ ಬೀದಿ, ಸೇತುವೆ, ಎಲ್ಲಾ ಇಳಿಜಾರೇ. ಟ್ರಾಂ ಹತ್ತಿದ ತಕ್ಷಣ ಟಿಕೆಟ್ಟನ್ನು ಹಳದಿ ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಿ. ಮರೆತು ದಂಡ ಕಟ್ಟಿದ್ದೇನೆ.

ಕಾಲು_ಸುಮ್ನಿರಲ್ಲ:
ನೆರುಡೋವಾದಲ್ಲಿ ಬಾಗಿಲ ಮೇಲೆ ನೋಡ್ತಾ ನಡೀರಿ. 1770ರಲ್ಲಿ ಮನೆ ನಂಬರ್ ಬರೋ ಮುಂಚೆ ಗುರುತೇ ವಿಳಾಸ: ಮೂರು ಪಿಟೀಲು, ಎರಡು ಸೂರ್ಯ, ಚಿನ್ನದ ಕೀಲಿ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ಮಾಡೋರೇ ಇದ್ದರು.

ಸೇತುವೆ ಮಾತ್ರ ಮಧ್ಯಾಹ್ನ ಜಾತ್ರೆ. 1357ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಮೂವತ್ತು ಮೂರ್ತಿಗಳ ಸಾಲು. ಬೆಳಗ್ಗೆ ಆರಕ್ಕೆ ನೋಡಬೇಕು, ಆದರೆ ಡ್ರೆಸ್ಡನ್‌ನಿಂದ ಬರೋರಿಗೆ ಅದೆಲ್ಲಿ ಆಗುತ್ತೆ! ಭಾನುವಾರ ಹೋದರೆ ಕೋಟೆಯೊಳಗಿನ ಸಂತ ವಿಟಸ್ ಚರ್ಚು ನಮ್ಮಂಥವರಿಗೆ ತೆರೆಯೋದು ಮಧ್ಯಾಹ್ನಕ್ಕೆ.

ಊಟಕ್ಕೆ "ಸ್ಮಾಜೆನಿ ಸಿರ್" ಕೇಳಿ, ಕರಿದ ಚೀಸ್. ಒಂದು ಹೊತ್ತಿಗೆ ಪರವಾಗಿಲ್ಲ. ಚಪ್ಪಲಿ ಬೇಡ, ಎಲ್ಲಾ ಕಲ್ಲು ಹಾಸಿದ ಬೀದಿ.

ಶಿವಮೊಗ್ಗದ ಮೇಡಂ:
ಭಾನುವಾರಕ್ಕೇ ಟಿಕೆಟ್ ಆಯಿತು. ಅವತ್ತು ರಜಾ ಅಂತ ಮಗಳೂ ಬರ್ತಾಳಂತೆ, ಎರಡು ಟಿಕೆಟ್ ತೆಗೆದಿದ್ದಾಳೆ. ಒಬ್ಬಳೇ ಹೋಗೋ ಆಸೆ ಇತ್ತು ಅಂತ ಈಗ ಹೇಗೆ ಹೇಳಲಿ?