ಸಹಾಯ ಬೇಕು: ಕೆಜಿಎಫ್ ಗಣಿ ಲೈನ್‌ಗಳಲ್ಲಿ ಬದುಕಿದವರ ನೆನಪುಗಳು

ಎಲ್ಲರಿಗೂ ನಮಸ್ಕಾರ. ಕೋಲಾರ ಚಿನ್ನದ ಗಣಿ (ಕೆಜಿಎಫ್) ಕಾರ್ಮಿಕರ ಲೈನ್‌ಗಳ, ಅಂದರೆ ಸಾಲು ಮನೆಗಳ ಕಥೆ ಬರೆಯುತ್ತಿದ್ದೇನೆ. 1880ರಲ್ಲಿ ಗಣಿ ನಡೆಸಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದದ್ದು, 2001ರಲ್ಲಿ ಗಣಿ ಮುಚ್ಚಿದ್ದು, ಇವೆಲ್ಲ ಸುಲಭವಾಗಿ ಸಿಗುತ್ತವೆ. ಆದರೆ ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ ಇಳಿದು ಬಂಡೆ ಕೊರೆದವರ ಮಾತು ಎಲ್ಲಿದೆ? ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಅವರ ಹೆಂಗಸರ ಮಾತಂತೂ ಇನ್ನೂ ಕಡಿಮೆ. ಒಳಗೆ ಬಂಡೆ ಸಿಡಿದರೆ ಮನೆಯಲ್ಲಿ ಪಾತ್ರೆಗಳು ಅದುರುತ್ತಿದ್ದವು, ಒಲೆ ಬಿಟ್ಟು ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಕಡೆ ಓಡುತ್ತಿದ್ದೆವು ಎಂದು ಒಬ್ಬ ಅಜ್ಜಿ ಹೇಳಿದರು. ಇಂಥದ್ದನ್ನೇ ನಾನು ಹುಡುಕುತ್ತಿರುವುದು.

ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ ಕಡೆಯ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಕೇಳಿಸಿಕೊಳ್ಳುತ್ತೇನೆ. ಹಳೆಯ ಸಂಬಳದ ಚೀಟಿ, ಫೋಟೋ, ಪತ್ರ ಇದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿದರೂ ಸಾಕು, ಮೂಲ ನಿಮ್ಮ ಹತ್ತಿರವೇ ಇರಲಿ. 1930ರ ಗಣಿ ಕಾರ್ಮಿಕರ ಮುಷ್ಕರದ ಬಗ್ಗೆ ಅಜ್ಜ ಅಜ್ಜಿಯರಿಂದ ಕೇಳಿದ್ದು ಏನಾದರೂ ನೆನಪಿದ್ದರೆ ಅದನ್ನೂ ಹೇಳಿ.

ಇನ್ನೊಂದು ತುರ್ತು ಸಹಾಯ. ಏಳು ಗಂಟೆಯಷ್ಟು ತಮಿಳು ರೆಕಾರ್ಡಿಂಗ್ ಇದೆ. ಅದನ್ನು ಕೇಳಿ ಕನ್ನಡದಲ್ಲಿ ಬರೆದುಕೊಡುವವರು ಬೇಕು. ಅವರ ಮಾತಿನ ಧಾಟಿ ಹಾಗೇ ಉಳಿಯಬೇಕು, ತಿದ್ದುವುದು ಬೇಡ. ಹೇಳಿದವರು ಒಪ್ಪದೆ ಯಾರ ಹೆಸರನ್ನೂ ಹಾಕುವುದಿಲ್ಲ.