ಖಡಕ್ ರೊಟ್ಟಿಯನ್ನು ಬೆಂಗಳೂರಿನಲ್ಲಿ ಯಾರಿಗೆಂದು ಮಾರಬೇಕು?

ಪ್ರಶ್ನೆ

ವಿಜಯಪುರ ಜಿಲ್ಲೆಯ ನಮ್ಮೂರಿನಲ್ಲಿ 12 ಮಹಿಳೆಯರ ಸ್ವಸಹಾಯ ಸಂಘವೊಂದು ಖಡಕ್ ಜೋಳದ ರೊಟ್ಟಿ ಹಾಗೂ ಶೇಂಗಾ ಚಟ್ನಿಪುಡಿ ತಯಾರಿಸುತ್ತದೆ. ಲೆಕ್ಕಪತ್ರ ಮತ್ತು ಮಾರಾಟದ ಹೊಣೆ ನನ್ನದು. ಇಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುವುದರಿಂದ ಕೊಳ್ಳುವವರು ಕಡಿಮೆ, ಆದ್ದರಿಂದ ಬೆಂಗಳೂರಿಗೆ ಕಳುಹಿಸಬೇಕೆಂದಿದ್ದೇವೆ. ತರಬೇತಿಗೆ ಹೋದಲ್ಲೆಲ್ಲ ‘ಮೊದಲು ನಿಮ್ಮ ಗ್ರಾಹಕರು ಯಾರೆಂದು ಗುರುತಿಸಿಕೊಳ್ಳಿ’ ಎನ್ನುತ್ತಾರೆ. ಎಲ್ಲರೂ ತಿನ್ನಬಹುದಾದ ಪದಾರ್ಥಕ್ಕೆ ಒಂದೇ ವರ್ಗವನ್ನು ಆರಿಸಿಕೊಂಡರೆ ಉಳಿದವರನ್ನು ಕೈಬಿಟ್ಟಂತಾಗುವುದಿಲ್ಲವೇ? ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಚೀಟಿ ಅಂಟಿಸಿದರೆ ಬೇಗ ಖರ್ಚಾಗುತ್ತದೆ ಎಂದು ವರ್ತಕರೊಬ್ಬರು ಹೇಳಿದ್ದಾರೆ. ಅದು ಸರಿಯೇ?

ಉತ್ತರ 1

ಎಲ್ಲರನ್ನೂ ತಲುಪಲು ಹೊರಡುವವರಿಗೆ ಎಲ್ಲ ಅಂಗಡಿಗಳಲ್ಲೂ ಸರಕು ಇಡುವಷ್ಟು ಬಂಡವಾಳ ಬೇಕು. ಬಂಡವಾಳ ಕಡಿಮೆಯಿರುವವರಿಗೆ ಆಯ್ಕೆಯೇ ಬಲ. ತಮಿಳುನಾಡಿನಲ್ಲಿ 1983ರಲ್ಲಿ ಸಿ.ಕೆ. ರಂಗನಾಥನ್ ಅವರು ಕೇವಲ 15 ಸಾವಿರ ರೂಪಾಯಿಯಿಂದ ಆರಂಭಿಸಿದ ಚಿಕ್ ಶಾಂಪೂವನ್ನು ನೋಡಿ. ದಿನಗೂಲಿಯಲ್ಲಿ ಬದುಕುವ ಮನೆಗೆ ಒಂದು ಬಾಟಲಿಯ ಬೆಲೆಯನ್ನು ಒಮ್ಮೆಗೇ ತೆರುವುದು ಕಷ್ಟ, ಆದರೆ ಒಂದು ಸ್ನಾನಕ್ಕೆ ಸಾಲುವ ಪುಟ್ಟ ಸ್ಯಾಶೆಯನ್ನು ಕೊಳ್ಳುವುದು ಕಷ್ಟವಲ್ಲ. ಅವರು ಹಳ್ಳಿಗಳಿಗೇ ಹೋಗಿ, ಹುಡುಗರ ತಲೆಗೆ ಶಾಂಪೂ ಹಚ್ಚಿ ತೊಳೆದು, ಕೂದಲನ್ನು ಮುಟ್ಟಿ ನೋಡಿರೆಂದು ಜನರನ್ನು ಕರೆದರು. ಮುಂದೆ ಸ್ಯಾಶೆಯ ಬೆಲೆಯನ್ನು 50 ಪೈಸೆಗೂ ಇಳಿಸಿದರು. ಆ ಸ್ಯಾಶೆಗಳ ಪ್ಲಾಸ್ಟಿಕ್ ಇಂದು ನಮ್ಮ ಚರಂಡಿಗಳಲ್ಲಿ ತುಂಬಿಕೊಂಡಿರುವುದು ನನಗೆ ನೋವಿನ ಸಂಗತಿಯೇ ಆದರೂ, ಪಾಠ ಮಾತ್ರ ನಿಜ: ಒಂದು ವರ್ಗವನ್ನು ಆರಿಸಿಕೊಳ್ಳುವುದೆಂದರೆ ಜಾಹೀರಾತಿನ ಚಿತ್ರವನ್ನು ಬದಲಿಸುವುದಲ್ಲ, ಕಟ್ಟಿನ ಗಾತ್ರ, ಬೆಲೆ, ಮಾರುವ ಜಾಗ ಎಲ್ಲವನ್ನೂ ಅವರ ಬದುಕಿಗೆ ಹೊಂದಿಸುವುದು.

ಉತ್ತರ 2

ನಾನು ಬಾಗಲಕೋಟೆಯ ಕಡೆಯವನು, ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. ಕೆಲಸಕ್ಕೆಂದೋ ಪರೀಕ್ಷೆಯ ಸಿದ್ಧತೆಗೆಂದೋ ನಮ್ಮ ಭಾಗದಿಂದ ಬಂದು ಹೀಗೆ ಇರುವವರಿಗೆ ಒಲೆಯೂ ಇರುವುದಿಲ್ಲ, ಹಂಚೂ ಇರುವುದಿಲ್ಲ. ಸಂಜೆ ಊಟಕ್ಕೆ ಕೂತಾಗ ಮನೆಯ ರೊಟ್ಟಿ ನೆನಪಾಗದ ದಿನವಿಲ್ಲ. ಖಡಕ್ ರೊಟ್ಟಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಇದನ್ನು ಹಪ್ಪಳವೆಂದು ತಿಳಿಯುವವರಿಗೆ ತಿಳಿಸಿಕೊಡಲು ನಿಮ್ಮ ಸಂಘದ ಶ್ರಮವೆಲ್ಲ ಬೇಕಾದೀತು. ಅಂಗಡಿಯಲ್ಲಿ ಸಿಗುವ 25 ರೊಟ್ಟಿಯ ದೊಡ್ಡ ಕಟ್ಟು ಕೋಣೆಗೆ ತರುವಷ್ಟರಲ್ಲಿ ಅರ್ಧ ಮುರಿದಿರುತ್ತದೆ. ಐದು ರೊಟ್ಟಿ, ಜೊತೆಗೆ ಎರಡು ಊಟಕ್ಕಾಗುವಷ್ಟು ಚಟ್ನಿಪುಡಿ, ಗಟ್ಟಿ ರಟ್ಟಿನ ಡಬ್ಬಿ: ಇಷ್ಟಿದ್ದರೆ ನಾನೇ ವಾರಕ್ಕೆ ಎರಡು ಕೊಳ್ಳುತ್ತೇನೆ.

ಉತ್ತರ 3

ಆ ಚೀಟಿಯನ್ನು ದಯವಿಟ್ಟು ಅಂಟಿಸಬೇಡಿ. ರೋಗವನ್ನು ಗುಣಪಡಿಸುತ್ತದೆ ಅಥವಾ ತಡೆಯುತ್ತದೆ ಎಂದು ಆಹಾರದ ಮೇಲೆ ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿ ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ, ನನ್ನ ತಾಯಿ ಮಧುಮೇಹಿ; ಇಂಥದ್ದೇ ಚೀಟಿಯನ್ನು ನಂಬಿ ಅಳತೆ ತಪ್ಪಿ ತಿಂದು ತೊಂದರೆಪಟ್ಟಿದ್ದಾರೆ. ಜೋಳದಲ್ಲೂ ಪಿಷ್ಟವೇ ಹೆಚ್ಚು. ಭಯದಲ್ಲಿರುವ ರೋಗಿಯನ್ನು ಗುರಿಯಾಗಿಸಿಕೊಳ್ಳುವುದು ಸುಲಭ, ಆ ಕಾರಣಕ್ಕೇ ಅದು ತಪ್ಪು. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲವೆಂಬುದು ನಿಜ, ಗೋಧಿ ಒಗ್ಗದವರಿಗೆ ಅದು ಉಪಯುಕ್ತ. ಆದರೆ ನಿಮ್ಮ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಿದ್ದರೆ ಅದರ ಹಿಟ್ಟು ಬೆರೆಯುವುದರಿಂದ ಆ ಮಾತನ್ನೂ ಬರೆಯುವಂತಿಲ್ಲ.

ಪ್ರಶ್ನೆ ಕೇಳಿದವರು

ಗಿರಣಿ ಊರಿಗೆಲ್ಲ ಒಂದೇ, ಅಲ್ಲಿ ಗೋಧಿಯನ್ನೂ ಬೀಸುತ್ತಾರೆ. ಆದ್ದರಿಂದ ಆರೋಗ್ಯದ ಮಾತು ಯಾವುದನ್ನೂ ಬರೆಯುವುದಿಲ್ಲ. ಐದು ರೊಟ್ಟಿಯ ಡಬ್ಬಿಯ ವಿಚಾರವನ್ನು ಸಂಘದ ಸಭೆಯಲ್ಲಿಡುತ್ತೇನೆ. ಡಬ್ಬಿಯ ಅಳತೆಗೆ ತಕ್ಕಂತೆ ರೊಟ್ಟಿಯನ್ನು ಸ್ವಲ್ಪ ಚಿಕ್ಕದಾಗಿ ಬಡಿದರೆ ಕೋಣೆಯಲ್ಲಿರುವವರು ಒಪ್ಪುತ್ತಾರೆಯೇ ಎಂಬುದನ್ನು ಬಾಗಲಕೋಟೆಯವರು ದಯವಿಟ್ಟು ತಿಳಿಸಿ.