ಪದ ಬೇಕು: ಕೋಲ್‌ಸ್ಲಾಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೆಳಿಗ್ಗೆ ಬೋರ್ಡ್ ಬರೆಸಬೇಕು)

ನಮಸ್ಕಾರ ಎಲ್ಲರಿಗೂ. ಅವಸರ ಇದೆ, ನೇರ ವಿಷಯಕ್ಕೆ ಬರುತ್ತೇನೆ.

ಬಸವನಗುಡಿಯಲ್ಲಿ ನಾನು, ನನ್ನ ತಂಗಿ ಸೇರಿ ಒಂದು ಪುಟ್ಟ ಸ್ಯಾಂಡ್‌ವಿಚ್ ಅಂಗಡಿ ಹಾಕುತ್ತಿದ್ದೇವೆ. ಆರು ಸ್ಟೂಲು, ಒಂದು ಕೌಂಟರು, ಅಷ್ಟೇ. ಹೊರಗಿನ ಬೋರ್ಡಿನಲ್ಲಿ ಹೇಗೂ ಶೇಕಡಾ 60 ಕನ್ನಡ ಇರಲೇಬೇಕು. ಒಳಗಿನ ತಿಂಡಿಪಟ್ಟಿಯನ್ನು ಯಾರೂ ಕೇಳುವುದಿಲ್ಲ, ಆದರೂ ಅದೂ ಕನ್ನಡದಲ್ಲೇ ಇರಲಿ ಅಂತ ನಮ್ಮ ಹಟ. ಬ್ರೆಡ್ಡು, ಚೀಸು, ಟೋಸ್ಟು ಹಾಗೇ ಇಟ್ಟುಕೊಂಡಿದ್ದೇವೆ, ಅದಕ್ಕೆ ದಯವಿಟ್ಟು ಬೈಯಬೇಡಿ. ಸಿಕ್ಕಿಹಾಕಿಕೊಂಡಿರುವುದು ಕೋಲ್‌ಸ್ಲಾ ಹತ್ತಿರ.

ಹಸಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಕಲಸುವ ಸಲಾಡ್ ಅದು. ಮೊದಲು ಹೆಸರನ್ನು ಹಾಗೇ ಬರೆಸಿ ನೋಡಿದೆವು. ಪೇಂಟರ್ ‘ಕೋಲ್ಡ್ ಸ್ಲಾ’ ಅಂತ ಬರೆದ. ಯಾಕಪ್ಪಾ ಅಂದರೆ ‘ಫ್ರಿಜ್ಜಲ್ಲಿ ಇಡೋದಲ್ವಾ ಮೇಡಂ’ ಅಂದ. ಅಳಿಸಿ ಮತ್ತೆ ಬರೆಸಿದರೆ ಲಕ್ಕೆ ಸ ಒತ್ತು ಕೊಟ್ಟು, ಅದರ ಕೆಳಗೆ ಇನ್ನೊಂದು ಲ ಒತ್ತು ನೇತುಹಾಕಿದ, ಅದು ಇಳಿದು ಇಳಿದು ಕೆಳಗಿನ ಸಾಲಿನ ‘ಕಾಫಿ’ಯ ತಲೆಗೆ ತಗುಲಿತು. ಪಕ್ಕದ ಮನೆ ಅಜ್ಜಿ ಓದಿ ‘ಕೋಲಾ ಹಾಕಿ ಸಲಾಡ್ ಮಾಡ್ತೀರೇನೇ?’ ಅಂತ ಕೇಳಿದರು.

ನಾವು ಮಾಡುವುದು ಮೂರು ಥರ. ಮೂರಕ್ಕೂ ಶುರು ಒಂದೇ: ಎಲೆಕೋಸನ್ನು ಈಳಿಗೆಮಣೆ ಮೇಲೆ ಕೂದಲೆಳೆಯ ಹಾಗೆ ಹೆಚ್ಚಿ, ಅರ್ಧ ಕಿಲೋಗೆ ಒಂದು ಚಮಚ ಉಪ್ಪು ಹಾಕಿ ಕಿವುಚಿ, ಅರ್ಧ ಗಂಟೆ ಬಿಟ್ಟು, ನೀರು ಹಿಂಡಿ ತೆಗೆಯುತ್ತೇವೆ. ಹಿಂಡದೆ ಹೋದರೆ ಸಂಜೆ ಹೊತ್ತಿಗೆ ಬಟ್ಟಲ ತಳದಲ್ಲಿ ಸಾರು ನಿಲ್ಲುತ್ತದೆ, ಬ್ರೆಡ್ಡು ನೆನೆದು ಮುದ್ದೆಯಾಗುತ್ತದೆ. ಆಮೇಲೆ ಒಂದಕ್ಕೆ ಕ್ಯಾರೆಟ್ಟು ಮತ್ತು ಮಯೋನೇಸ್ (ಮೊಟ್ಟೆ ಇಲ್ಲದ್ದು), ಚೂರು ಸಾಸಿವೆ ಪೇಸ್ಟು, ಚೂರು ಸಕ್ಕರೆ. ಇನ್ನೊಂದಕ್ಕೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಕಾಳುಮೆಣಸು. ಮೂರನೆಯದಕ್ಕೆ ವಿನೆಗರ್, ಸಕ್ಕರೆ, ಎಣ್ಣೆ ಕುದಿಸಿ ಬಿಸಿಬಿಸಿಯಾಗೇ ಸುರಿದು ರಾತ್ರಿಯಿಡೀ ಇಡುತ್ತೇವೆ.

ಮೂರಕ್ಕೂ ಹೊಂದುವ ಒಂದೇ ಪದ ಬೇಕು. ಚಿಕ್ಕದಿರಲಿ. ಅಜ್ಜಿಗೂ ಅರ್ಥವಾಗಲಿ. ಪೇಂಟರ್ ಬೆಳಿಗ್ಗೆ ಹತ್ತೂವರೆಗೆ ಬರುತ್ತಾನೆ.

* * *

ಎಲೆಕೋಸಿನ ಕೋಸಂಬರಿ. ಇದಕ್ಕೆ ಚರ್ಚೆ ಯಾಕೆ?

(ಜಯನಗರ)

* * *

> ಎಲೆಕೋಸಿನ ಕೋಸಂಬರಿ.

ಅಲ್ಲ. ಕೋಸಂಬರಿ ಅಂದರೆ ನೆನೆಸಿದ ಬೇಳೆ. ಹೆಸರುಬೇಳೆಯೋ ಕಡಲೆಬೇಳೆಯೋ ಇರಬೇಕು, ಮೇಲೆ ಸೌತೆಕಾಯಿ, ತೆಂಗಿನತುರಿ, ಸಾಸಿವೆ ಒಗ್ಗರಣೆ. ರಾಮನವಮಿ ದಿನ ಪಾನಕದ ಜೊತೆ ಕೊಡುವ ವಸ್ತುವಿನ ಹೆಸರನ್ನು ಮಯೋನೇಸ್ ಬಳಿದ ಹಸಿ ಕೋಸಿಗೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಮೊಟ್ಟೆ ಇದೆಯೋ ಇಲ್ಲವೋ ಬೇರೆ ಮಾತು.

(ಮೈಸೂರು)

* * *

ಮದುವೆ ಊಟಕ್ಕೆ ಹೋಗುವುದನ್ನು ಬಿಟ್ಟಿದ್ದೀರಾ? ಸ್ವೀಟ್ ಕಾರ್ನ್ ಕೋಸಂಬರಿ ಅಂತ ಬಡಿಸುತ್ತಾರೆ, ಬೇಳೆಯ ಸುಳಿವೇ ಇರುವುದಿಲ್ಲ. ಎಲ್ಲರೂ ತಿನ್ನುತ್ತಾರೆ, ಯಾರೂ ಎದ್ದು ಹೋಗಿಲ್ಲ.

(ಜಯನಗರ)

* * *

ಪದ ಹುಡುಕುವ ಮೊದಲು ಪದ ಎಲ್ಲಿಂದ ಬಂತು ನೋಡಬೇಕು. ಇದು ಇಂಗ್ಲಿಷೇ ಅಲ್ಲ, ಡಚ್. ಅವರಲ್ಲಿ ‘ಕೋಲ್’ ಅಂದರೆ ಎಲೆಕೋಸು, ‘ಸ್ಲಾ’ ಅನ್ನುವುದು ಸಲಾಡ್ ಅನ್ನುವುದರ ಸವೆದ ರೂಪ. ನ್ಯೂಯಾರ್ಕ್ ಕಡೆ ಹೋಗಿ ನೆಲೆಸಿದ ಡಚ್ಚರಿಂದ ಇಂಗ್ಲಿಷಿನವರು ಕಲಿತರು. 1749ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಪೆರ್ ಕಾಲ್ಮ್ ಆಲ್ಬನಿಯಲ್ಲಿ ಇಳಿದುಕೊಂಡಿದ್ದಾಗ ಆ ಮನೆಯ ಡಚ್ ಯಜಮಾನಿ ಕೋಸನ್ನು ಸಣ್ಣಗೆ ಹೆಚ್ಚಿ, ಎಣ್ಣೆ, ವಿನೆಗರ್, ಉಪ್ಪು, ಮೆಣಸು ಹಾಕಿ ಕಲಸಿ ಕೊಟ್ಟಳಂತೆ, ಅವನು ಮೆಚ್ಚಿ ಬರೆದಿಟ್ಟಿದ್ದಾನೆ. ಅಂದರೆ ಕೇಳಿದವರ ಮೂರನೆಯ ಥರವೇ ಹಳೆಯದು. ಮಯೋನೇಸ್ ಥರ ಊರೂರಿಗೆ ಹಬ್ಬಿದ್ದು 20ನೇ ಶತಮಾನದಲ್ಲಿ, ಅದು ಬಾಟಲಿಯಲ್ಲಿ ಸಿಗಲು ಶುರುವಾದ ಮೇಲೆ.

ಇನ್ನು ನಿಮ್ಮ ಪೇಂಟರ್. ಅವನನ್ನು ನಗಬೇಡಿ. ಇಂಗ್ಲಿಷಿನವರೂ ‘ಕೋಲ್’ ಏನೆಂದು ತಿಳಿಯದೆ ಬಹಳ ಕಾಲ ‘ಕೋಲ್ಡ್ ಸ್ಲಾ’ ಅಂತಲೇ ಬರೆದರು. ಅಷ್ಟಕ್ಕೇ ನಿಲ್ಲದೆ, ಕೋಲ್ಡ್ ಇದ್ದರೆ ಹಾಟ್ ಕೂಡ ಇರಬೇಕಲ್ಲ ಅಂತ ಬಿಸಿ ವಿನೆಗರ್ ಸುರಿದದ್ದಕ್ಕೆ ‘ಹಾಟ್ ಸ್ಲಾ’ ಅಂದರು.

ಈಗ ನಿಜವಾದ ವಿಷಯ. ಆ ‘ಕೋಲ್’ ಲ್ಯಾಟಿನ್ನಿನ ‘ಕೌಲಿಸ್’ನಿಂದ ಬಂದದ್ದು, ಕಾಂಡ ಅಂತ ಅರ್ಥ. ಪೋರ್ಚುಗೀಸರ ‘ಕೋವ್’ ಕೂಡ ಅಲ್ಲಿಂದಲೇ. ನಮ್ಮ ಕೋಸು ಆ ಪೋರ್ಚುಗೀಸ್ ಪದದಿಂದ ಬಂತು ಅನ್ನುವುದು ನನ್ನ ಪಕ್ಷ. ಮೇಜು, ಚಾವಿ, ಬಟಾಟೆ, ಇಸ್ತ್ರಿ, ಅಲಮಾರು ಬಂದ ಹಡಗಿನಲ್ಲೇ ಕೋಸೂ ಬಂತು. ಹಾಗಿದ್ದರೆ ಕೋಲ್‌ಸ್ಲಾದ ಕೋಲೂ ಎಲೆಕೋಸಿನ ಕೋಸೂ ದಾಯಾದಿಗಳು. ಸಾಲದ್ದಕ್ಕೆ ಡಚ್ಚರ ಕೋಲ್ ನಮ್ಮ ಮಾರ್ಕೆಟ್ಟಿಗೆ ಇನ್ನೊಂದು ಬಾಗಿಲಿನಿಂದಲೂ ಬಂದಿದೆ. ಅವರು ‘ಕ್ನೋಲ್‌ಕೋಲ್’ ಅಂದದ್ದು ಇಲ್ಲಿ ನೂಕೋಲು ಆಯಿತು. ಅದನ್ನೇ ನಾವು ನವಿಲುಕೋಸು ಅನ್ನುತ್ತೇವೆ. ಆ ಗೆಡ್ಡೆಗೂ ನವಿಲಿಗೂ ಏನ್ರೀ ಸಂಬಂಧ? ‘ನೋಲ್’ ನಮ್ಮ ಬಾಯಲ್ಲಿ ನವಿಲಾಗಿದೆ ಅಂತ ನನ್ನ ಬಹಳ ದಿನದ ಗುಮಾನಿ.

(ಮಲ್ಲೇಶ್ವರ)

* * *

ಗಿಡ ನೋಡಿದ್ದೀರಾ? ಗೆಡ್ಡೆ ಮೇಲೆ ಎಲೆ ಹರಡಿಕೊಂಡಿರುವುದು ಗರಿಬಿಚ್ಚಿದ ನವಿಲಿನ ಹಾಗೇ ಇರುತ್ತದೆ. ಅದಕ್ಕೆ ನವಿಲುಕೋಸು. ಎಲ್ಲಕ್ಕೂ ಹಡಗು ಹುಡುಕಬೇಡಿ.

(ಚಿಕ್ಕಬಳ್ಳಾಪುರ. ನಾವು ಬೆಳೆದಿದ್ದೇವೆ)

* * *

ಎಲ್ಲರೂ ಹಳೆಯ ಪದವನ್ನೇ ಜಗ್ಗುತ್ತಿದ್ದೀರಿ. ಹೊಸ ವಸ್ತುವಿಗೆ ಹೊಸ ಪದ ಕಟ್ಟಲು ಕನ್ನಡಕ್ಕೆ ಶಕ್ತಿ ಇಲ್ಲವೇ? ಎಳೆ ಎಳೆಯಾಗಿ ಹೆಚ್ಚಿದ ಕೋಸು, ಆದ್ದರಿಂದ ‘ಎಳೆಗೋಸು’. ನಾಲ್ಕೇ ಅಕ್ಷರ. ಒತ್ತಿಲ್ಲ, ಮಹಾಪ್ರಾಣ ಇಲ್ಲ, ಪೇಂಟರಿಗೂ ಸುಲಭ. ಮೂರು ಥರಕ್ಕೂ ಹೊಂದುತ್ತದೆ.

(ರಾಜಾಜಿನಗರ)

* * *

> ಎಳೆಗೋಸು

ಬೋರ್ಡ್ ಓದಿದ ಹತ್ತರಲ್ಲಿ ಒಂಬತ್ತು ಜನ ‘ಎಲೆಕೋಸು ಅಂತ ಬರೆಯೋಕೆ ಬರಲ್ಲ ಪಾಪ’ ಅಂದುಕೊಳ್ಳುತ್ತಾರೆ. ಹತ್ತನೆಯವನು ಎಳೆ ಸೌತೆ ಥರ ಎಳೆಯ ಕೋಸು ಅಂದುಕೊಳ್ಳುತ್ತಾನೆ. ನಿಮ್ಮ ಎಳೆ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು. ಆದೇಶ ಸಂಧಿ ಮಾಡಿ ಗಕಾರ ತಂದಿದ್ದೀರಿ, ಸರಿ. ಆದರೆ ಎಲೆಕೋಸು, ಹೂಕೋಸು, ನವಿಲುಕೋಸು, ಎಲ್ಲೂ ಜನ ಗ ಮಾಡಿಲ್ಲ. ಎಲೆಗೋಸು ಅಂತ ಯಾರು ಅನ್ನುತ್ತಾರೆ? ಕೋಸು ಹೊರಗಿನ ಪದ ಅಂತ ಕಿವಿಗೆ ಗೊತ್ತು, ಅದಕ್ಕೇ ಕ ಹಾಗೇ ಉಳಿಯಿತು. ಮಲ್ಲೇಶ್ವರದವರು ಹೇಳಿದ್ದಕ್ಕೆ ಇದೂ ಒಂದು ಸಾಕ್ಷಿ.

(ಹನುಮಂತನಗರ)

* * *

ಸಾಕ್ಷಿ ಅಲ್ಲ, ಸುಮ್ನೆ ಊಹೆ. ‘ಕಾಲ’ ಸಂಸ್ಕೃತದ್ದು, ಹೊರಗಿನದೇ. ಮಳೆಗಾಲ ಅನ್ನುತ್ತೀರೋ ಮಳೆಕಾಲ ಅನ್ನುತ್ತೀರೋ?

(ರಾಜಾಜಿನಗರ)

* * *

ಕಾಲ ಬಂದು ಎಷ್ಟು ಕಾಲವಾಯಿತು, ಕೋಸು ಬಂದು ಎಷ್ಟು ಕಾಲವಾಯಿತು? ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಲ್ಲ.

(ಹನುಮಂತನಗರ)

* * *

ಶಿರಸಿ ಕಡೆಯವನು, ಈಗ ವಿಜಯನಗರದಲ್ಲಿದ್ದೇನೆ. ನಮ್ಮಲ್ಲಿ ಸಾಸಿವೆ ಅಂತ ಒಂದು ಅಡುಗೆ ಇದೆ. ಕಾಳಲ್ಲ, ಪದಾರ್ಥದ ಹೆಸರೇ ಸಾಸಿವೆ. ತೆಂಗಿನಕಾಯಿ ಜೊತೆ ಸಾಸಿವೆ ಅರೆದು, ಮೊಸರು ಹಾಕಿ, ಹಸಿ ಸೌತೆಯನ್ನೋ ಬೇಯಿಸಿದ ಹಾಗಲವನ್ನೋ ಕಲಸುವುದು. ಅಮೆರಿಕದಲ್ಲೂ ಊರೂರಿಗೆ ಒಂದು ಕ್ರಮ ಇದೆ: ಮೆಂಫಿಸ್ ಕಡೆ ಸಾಸಿವೆ ಜಾಸ್ತಿ ಹಾಕುತ್ತಾರೆ, ಉತ್ತರ ಕ್ಯಾರೊಲೈನಾದ ಲೆಕ್ಸಿಂಗ್ಟನ್ ಕಡೆ ಮಯೋನೇಸೇ ಇಲ್ಲ, ಕೆಚಪ್ಪು ಮತ್ತು ವಿನೆಗರ್ ಹಾಕಿ ಕೆಂಪಗೆ ಮಾಡುತ್ತಾರೆ. ಅವರೇ ಒಂದು ಹೆಸರಿನಡಿ ಇಷ್ಟೆಲ್ಲ ತುಂಬಿರುವಾಗ ‘ಕೋಸಿನ ಸಾಸಿವೆ’ ಅಂದರೆ ತಪ್ಪೇನು?

(ವಿಜಯನಗರ)

* * *

ಬೆಂಗಳೂರಿನಲ್ಲಿ ‘ಕೋಸಿನ ಸಾಸಿವೆ’ ಅಂತ ಬರೆದರೆ ಬಿತ್ತನೆ ಬೀಜದ ಅಂಗಡಿ ಅಂದುಕೊಳ್ಳುತ್ತಾರೆ.

ನನ್ನದೂ ಒಂದು ಇರಲಿ: ‘ಸೀಮೆ ಕೋಸಂಬರಿ’. ಹೊರದೇಶದಿಂದ ಬಂದದ್ದಕ್ಕೆ ನಮ್ಮ ಹಿರಿಯರು ಸೀಮೆ ಹಚ್ಚುತ್ತಿದ್ದರು. ಸೀಮೆಬದನೆ, ಸೀಮೆಹಸು, ಸೀಮೆಸುಣ್ಣ, ಸೀಮೆಎಣ್ಣೆ. ಕಡ ತಂದ ವಸ್ತುವಿಗೆ ಕಡ ತಂದದ್ದು ಅಂತ ಚೀಟಿ ಅಂಟಿಸಿ, ಹೆಸರು ಮಾತ್ರ ನಮ್ಮದೇ ಇಟ್ಟುಕೊಂಡರು. ಹೊರದೇಶದ ಗಿಡಗಳನ್ನು ತಂದು ಬೆಳೆಸಿದ ಲಾಲ್‌ಬಾಗ್ ಇರುವ ಊರಿನವರಿಗೆ ಇದನ್ನು ಹೇಳಬೇಕಾ?

(ಚಾಮರಾಜಪೇಟೆ)

* * *

ಚೆನ್ನಾಗಿದೆ, ಆದರೆ ಸೀಮೆಎಣ್ಣೆ ವಾಸನೆ ಹೊಡೆಯುತ್ತದೆ. ಈಗಿನ ಹುಡುಗರಿಗೆ ಸೀಮೆ ಅಂದರೆ ಅದೊಂದೇ ಗೊತ್ತು, ಅದೂ ಗೊತ್ತಿದ್ದರೆ.

(ಜಯನಗರ)

* * *

ಮತ್ತೆ ಕೋಸಂಬರಿ! ಬೇಳೆ ಎಲ್ಲಿ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

(ಮೈಸೂರು)

* * *

ಮೂಲತಃ ಬೇಳೆಯೂ ಮುಖ್ಯವಲ್ಲ. ಸಂಸ್ಕೃತದಲ್ಲಿ ಕುಸ್ತುಂಬರಿ ಅಂದರೆ ಕೊತ್ತಂಬರಿ. ಮರಾಠಿಯವರು ಕೋಶಿಂಬೀರ್ ಅನ್ನುವುದೂ ನಮ್ಮ ಕೋಸಂಬರಿಯೂ ಅದೇ ಬಳ್ಳಿಯ ಕಾಯಿಗಳು ಅಂತ ನನ್ನ ಅಂದಾಜು. ಹಾಗೆ ನೋಡಿದರೆ ಕೊತ್ತಂಬರಿ ಸೊಪ್ಪು ಉದುರಿಸಿದರೆ ಸಾಕು, ಕೋಸಂಬರಿ ಆಯಿತು.

(ಮಲ್ಲೇಶ್ವರ)

* * *

ನಿಮ್ಮ ಅಂದಾಜಿನ ಮೇಲೆ ಅಡುಗೆ ನಡೆಯುವುದಿಲ್ಲ.

(ಮೈಸೂರು)

* * *

ಧಾರವಾಡದವಳು, 20 ವರ್ಷದಿಂದ ಬನಶಂಕರಿಯಲ್ಲಿದ್ದೇನೆ. ಇಷ್ಟು ಜನ ಬರೆದರೂ ‘ಪಚಡಿ’ ಯಾರ ಬಾಯಲ್ಲೂ ಬರಲಿಲ್ಲವಲ್ಲ, ಆಶ್ಚರ್ಯ. ನಮ್ಮ ಕಡೆ ಸೌತೆಕಾಯಿ, ಉಳ್ಳಾಗಡ್ಡಿ, ಮೆಂತ್ಯಸೊಪ್ಪು ಏನೇ ಹಸಿಯಾಗಿ ಹೆಚ್ಚಿ, ಎಣ್ಣೆ, ಶೇಂಗಾಪುಡಿ ಕಲಸಿ ರೊಟ್ಟಿಗೆ ಹಚ್ಚಿಕೊಂಡರೆ ಅದು ಪಚಡಿ. ಮೈಸೂರು ಕಡೆ ಪಚಡಿಗೆ ಮೊಸರು ಹಾಕುತ್ತಾರೆ. ಬೇಳೆಯ ತಕರಾರಿಲ್ಲ, ದೇವರ ನೈವೇದ್ಯದ ತಕರಾರೂ ಇಲ್ಲ. ಹಸಿಯಾಗಿ ಹೆಚ್ಚಬೇಕು, ಏನಾದರೂ ಹಾಕಿ ಕಲಸಬೇಕು, ಅಷ್ಟೇ. ಕೋಸು ಪಚಡಿ ಅಂತ ಬರೆಸಿಬಿಡಿ.

(ಬನಶಂಕರಿ)

* * *

ಪಚಡಿ ತೆಲುಗಿನವರದು. ಅಲ್ಲಿ ಅದು ಚಟ್ನಿ.

(ರಾಜಾಜಿನಗರ)

* * *

ನಾವು ನೂರಾರು ವರ್ಷ ತಿಂದ ಮೇಲೂ ತೆಲುಗಿನವರದೇ? ನಿಮ್ಮ ಲೆಕ್ಕದಲ್ಲಿ ಮೇಜು ಪೋರ್ಚುಗಲ್ಲಿನದು, ವಾಪಸ್ ಕಳಿಸಿ ನೆಲದ ಮೇಲೆ ಕೂತು ಟೈಪ್ ಮಾಡಿ.

(ಬನಶಂಕರಿ)

* * *

ಇದೇ ಆಗುವುದು. ಒಂದು ಪದ ಕೇಳಿದರೆ ಎಲ್ಲರೂ ಎರವಲಿಗೆ ವಕೀಲರಾಗುತ್ತಾರೆ. ಇಂಗ್ಲಿಷ್ ಒಂದೊಂದೇ ಪದವಾಗಿ ಒಳಗೆ ಬರುತ್ತಿದೆ, ನಾವು ಬಾಗಿಲು ಹಿಡಿದು ‘ಹಿಂದೆಯೂ ಬಂದಿತ್ತಲ್ವಾ’ ಅಂತ ಇತಿಹಾಸ ಹೇಳುತ್ತಿದ್ದೇವೆ. ಮೇಜು ಬಂದಾಗ ನಮ್ಮಲ್ಲಿ ಅದಕ್ಕೆ ಹೆಸರಿರಲಿಲ್ಲ, ತಗೊಂಡೆವು. ಈಗ ಅಕ್ಕಿಗೆ, ಅನ್ನಕ್ಕೆ ಎರಡಕ್ಕೂ ರೈಸ್ ಅನ್ನುತ್ತಿದ್ದೇವೆ. ಎರಡೂ ಒಂದೇನಾ? ನಾನು ಎಳೆಗೋಸಿಗಾಗಿ ಇಷ್ಟು ಹೇಳುತ್ತಿಲ್ಲ. ಅದು ಬಿದ್ದುಹೋಯಿತು, ಗೊತ್ತು.

(ರಾಜಾಜಿನಗರ)

* * *

ಇದನ್ನು ಒಪ್ಪುತ್ತೇನೆ. ಅಪರೂಪಕ್ಕೆ.

(ಹನುಮಂತನಗರ)

* * *

ಕೇಳಿದವಳು ಬಂದೆ. ಎಲ್ಲರಿಗೂ ಥ್ಯಾಂಕ್ಸ್, ಜಗಳಕ್ಕೂ ಸೇರಿಸಿ. ರಾತ್ರಿ ಹನ್ನೊಂದೂವರೆ ಆಯಿತು, ಒಂದು ತೀರ್ಮಾನಕ್ಕೆ ಬಂದಿದ್ದೇವೆ.

ಮೂರಕ್ಕೂ ಒಂದೇ ಪದ ಬೇಕು ಅಂತ ಕೇಳಿದ್ದೇ ನನ್ನ ತಪ್ಪು ಅಂತ ಈಗ ಅನ್ನಿಸುತ್ತಿದೆ. ಮೂರು ಬಟ್ಟಲನ್ನೂ ಎದುರಿಗಿಟ್ಟು ಒಂದೊಂದು ಚಮಚ ತಿಂದು ನೋಡಿದೆವು. ಮೊಸರಿನದು ಬಾಯಿಗಿಟ್ಟ ಕೂಡಲೇ ತಂಗಿ ‘ಇದು ಅಮ್ಮ ಮಾಡೋ ಪಚಡಿನೇ ಕಣೇ, ಒಗ್ಗರಣೆ ಇಲ್ಲ ಅಷ್ಟೇ’ ಅಂದಳು. ಹೌದು, ಅದಕ್ಕೆ ಬೇರೆ ಹೆಸರು ಇಡುವುದೇ ಸುಳ್ಳು. ವಿನೆಗರಿನದು ರಾತ್ರಿ ಕಳೆದರೆ ಬಾಡಿ, ಮೆತ್ತಗಾಗಿ, ಹುಳಿಸಿಹಿ ಎಳೆದುಕೊಂಡಿರುತ್ತದೆ. ಅದನ್ನೂ ಹುಳಿ ಪಚಡಿ ಅನ್ನಬಹುದು. ಬರೀ ‘ಹುಳಿ’ ಅಂದರೆ ಜನ ಅನ್ನ ಕೇಳುತ್ತಾರೆ, ಪಚಡಿ ಸೇರಿಸಲೇಬೇಕು. ಮಯೋನೇಸಿನದು ಮಾತ್ರ ಯಾವ ಹೆಸರಿಗೂ ಒಗ್ಗುತ್ತಿಲ್ಲ. ಅದನ್ನು ತಿಂದರೆ ಕೋಸಂಬರಿಯೂ ನೆನಪಾಗುವುದಿಲ್ಲ, ಪಚಡಿಯೂ ನೆನಪಾಗುವುದಿಲ್ಲ. ಬಂದ ಹೆಸರಿನಲ್ಲೇ ಇರಲಿ.

ಹಾಗಾಗಿ ಬೋರ್ಡಿನಲ್ಲಿ: ಮೊಸರು ಕೋಸು ಪಚಡಿ. ಹುಳಿ ಕೋಸು ಪಚಡಿ. ಕೋಲ್‌ಸ್ಲಾ (ಮಯೋ). ಕೊನೆಯದನ್ನು ಪಟ್ಟಿಯ ತೀರಾ ಕೆಳಗೆ ಹಾಕಿಸುತ್ತೇನೆ, ಒತ್ತು ಎಷ್ಟು ಬೇಕಾದರೂ ಇಳಿಯಲಿ.

ಒಂದೇ ಕೊನೆಯ ಪ್ರಶ್ನೆ. ಪಚಡಿಯೋ, ಪಚ್ಚಡಿಯೋ?

(ಬಸವನಗುಡಿ)

* * *

ಪಚಡಿ.

(ಬನಶಂಕರಿ)

* * *

ಪಚ್ಚಡಿ. ಮೂಲದಲ್ಲಿ ಒತ್ತು ಇದೆ. ‘ಪಚ್ಚೆ’ ನೋಡಿ, ಹಸಿ ಅಂತಲೇ ಅರ್ಥ. ನಾಳೆ ವಿವರವಾಗಿ ಬರೆಯುತ್ತೇನೆ.

(ಮಲ್ಲೇಶ್ವರ)

* * *

ನಾಳೆ ಬೇಡ ಸಾರ್, ಪೇಂಟರ್ ಹತ್ತೂವರೆಗೆ ಬರುತ್ತಾನೆ.

(ಬಸವನಗುಡಿ)